ಡ್ರೈವರಣ್ಣ ಬರೆದ ಪುಟ

ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಓಡಾಡಿದ ಮೇಲೆ ಮಂಡಿ ನೋವು ನನ್ನನ್ನು ಒಂದು ಕುರ್ಚಿಗೆ ತಂದು ಕೂರಿಸಿತು. ಆ ಕುರ್ಚಿ ಇರುವುದು ಒಂದು ತರಬೇತಿ ಕೇಂದ್ರದಲ್ಲಿ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಜನರನ್ನು ತಯಾರು ಮಾಡುವ ಹತ್ತು ತಿಂಗಳ ಕೋರ್ಸು ಅಲ್ಲಿ ನಡೆಯುತ್ತದೆ. ಉದ್ದನೆಯ ಒಂದು ಕೋಣೆ, ನಾಲ್ಕು ಕಬ್ಬಿಣದ ಮಂಚ, ಕೈ ತೊಳೆಯಲು ಒಂದು ಬೇಸಿನ್ನು, ಗೋಡೆಗೆ ಸಾಲಾಗಿ ಆರು ಕಂಪ್ಯೂಟರು. ಆರರಲ್ಲಿ ಒಂದು ಬಿಸಿ ಗಾಳಿ ಊದುವುದಕ್ಕೆ ಮಾತ್ರ ಪ್ರಯೋಜನ. ಇದಲ್ಲದೆ ಅಭ್ಯಾಸಕ್ಕೆಂದು ರಬ್ಬರಿನ ಒಂದು ಬೊಂಬೆ. ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಾರೆ. ಜೋರಾಗಿ ಎತ್ತಿದರೆ ಅಜ್ಜಿಯ ಎಡಗೈ ಕಳಚಿ ಕೈಗೆ ಬರುತ್ತದೆ. ಎತ್ತುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಕೊರತೆ ಇದ್ದದ್ದು ಪುಸ್ತಕದ್ದು. ನಮ್ಮ ಪಠ್ಯಪುಸ್ತಕ ಕ್ಲಾಸಿನ ಅರ್ಧ ಮಂದಿಗಿಂತ ವಯಸ್ಸಿನಲ್ಲಿ ದೊಡ್ಡದು. "ರೋಗಿಯನ್ನು ಪಾರ್ಶ್ವಕ್ಕೆ ಪರಿವರ್ತಿಸತಕ್ಕದ್ದು" ಎಂಬಂಥ ವಾಕ್ಯಗಳು. ಹುಡುಗಿಯರು ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಿದ್ದರು. ಪುಸ್ತಕದ ಬದನೆಕಾಯಿಯಿಂದ ಸಾರು ಆಗುತ್ತದೆಯೇ?

ನನ್ನ ತಂಗಿಯ ಮಗಳು ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಒಂದು ಭಾನುವಾರ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ, "ದೊಡ್ಡಮ್ಮ, ಪುಸ್ತಕ ಚೆನ್ನಾಗಿಲ್ಲ ಅಂದ್ರೆ ಅವರ ಕೈಲೇ ಬರೆಸಿ. ನಾವು ವಿಕಿ ಮಾಡ್ಕೊಂಡಿದೀವಿ, ನೀವೂ ಮಾಡ್ಕೊಳ್ಳಿ" ಎಂದಳು. ಅವಳೇ ಬಂದು ಕೂತು ಎಲ್ಲ ಜೋಡಿಸಿಕೊಟ್ಟಳು. ಕ್ಲಾಸಿನ ಹದಿನಾಲ್ಕು ಜನರಲ್ಲಿ ಯಾರು ಬೇಕಾದರೂ ಪುಟ ಬರೆಯಬಹುದು; ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಏನೂ ಕಳೆದುಹೋಗುವುದಿಲ್ಲ. ಯಾರು, ಯಾವಾಗ, ಯಾವ ಅಕ್ಷರ ಬದಲಿಸಿದರು ಎಂಬುದೆಲ್ಲ 'ಇತಿಹಾಸ' ಎಂಬ ಗುಂಡಿ ಒತ್ತಿದರೆ ಕಾಣುತ್ತದೆ. ಪ್ರತಿ ಪುಟದ ಬೆನ್ನಿಗೂ 'ಚರ್ಚೆ' ಎಂಬ ಇನ್ನೊಂದು ಪುಟ. ವಾದ ಮಾಡುವುದಿದ್ದರೆ ಅಲ್ಲಿ.

ಮೊದಲ ತಿಂಗಳು 'ಕೈ ತೊಳೆಯುವುದು' ಎಂಬ ಒಂದೇ ಪುಟವನ್ನು ನಲವತ್ಮೂರು ಸಲ ತಿದ್ದಿದರು. ತೊಳೆದ ಕೈಯಿಂದ ನಲ್ಲಿ ಮುಟ್ಟಿ ನಿಲ್ಲಿಸಿದರೆ ಕೈ ಮತ್ತೆ ಕೊಳೆಯಾಯಿತಲ್ಲ ಎಂಬುದು ಜಗಳದ ವಿಷಯ. ಜಗಳದ ಒಂದು ಕಡೆ ಅಡುಗೆಯಕ್ಕ. ಇಪ್ಪತ್ತು ವರ್ಷ ಹಾಸ್ಟೆಲಿನಲ್ಲಿ ಬೇಯಿಸಿ ಬಡಿಸಿ, ಐವತ್ತರ ಹೊಸ್ತಿಲಲ್ಲಿ ಈ ಕೋರ್ಸಿಗೆ ಸೇರಿದವಳು. ಇನ್ನೊಂದು ಕಡೆ ಡಾಕ್ಟ್ರಮ್ಮ. ಹತ್ತೊಂಬತ್ತು ವರ್ಷದ ಹುಡುಗಿ. ಎಲ್ಲರ ತಪ್ಪು ತಿದ್ದುವ ಅಭ್ಯಾಸಕ್ಕೆ ಮೊದಲ ವಾರವೇ ಆ ಹೆಸರು ಅಂಟಿತ್ತು. ಇನ್ನೊಬ್ಬರ ತಪ್ಪು ಹುಡುಕುವ ಆಸೆಗಾದರೂ ಜನ ಗಮನವಿಟ್ಟು ಓದುತ್ತಾರೆ ಎಂಬುದನ್ನು ನಾನು ಆ ತಿಂಗಳು ಕಲಿತೆ. ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವವರು ಮನೆಗೆ ಹೋಗಿ ಪುಟಗಟ್ಟಲೆ ಬರೆಯುತ್ತಿದ್ದರು. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ ಎಂದೇ ಹೇಳಬೇಕು.

ಹೀಗಿರುವಾಗ ಡ್ರೈವರಣ್ಣನವರ ಸರದಿ ಬಂತು.

ಅವರು ಇಪ್ಪತ್ನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವರು. ಹೆಂಡತಿಗೆ ಪಾರ್ಶ್ವವಾಯು ಹೊಡೆದು ಮಾತು, ಬಲಭಾಗ ಎರಡೂ ಹೋದಾಗ ಕೆಲಸ ಬಿಟ್ಟರು. ಆರು ವರ್ಷ ತಾವೇ ನೋಡಿಕೊಂಡರು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. "ಮತ್ತೆ ಸ್ಟಿಯರಿಂಗ್ ಹಿಡಿಯೋಕೆ ಮನಸ್ಸಾಗಲ್ಲ ಮೇಡಂ. ಈ ಕೆಲಸ ಹೇಗೂ ಬರುತ್ತೆ, ಒಂದು ಕಾಗದ ಕೊಡಿ ಸಾಕು" ಎಂದು ಸೇರಿದ್ದರು. ಬರುತ್ತದೆ ಎಂದದ್ದು ಬರೀ ಮಾತಲ್ಲ. ಅವರು ಎತ್ತಿದರೆ ಅಜ್ಜಿಯ ಕೈ ಒಂದು ಸಲವೂ ಕಳಚಿದ್ದಿಲ್ಲ.

ವಿಷಯಗಳನ್ನು ನಾನು ಚೀಟಿ ಎತ್ತಿಸಿ ಹಂಚುತ್ತಿದ್ದೆ. ಅವರ ಚೀಟಿಯಲ್ಲಿ 'ಮಗ್ಗುಲು ಬದಲಿಸುವುದು' ಎಂದಿತ್ತು. ಅದನ್ನು ಓದಿ, ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡರು. ಹನ್ನೊಂದು ದಿನ ನೋಟ್‌ಬುಕ್ಕಿನಲ್ಲಿ ಬರೆದು, ಅದನ್ನು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ಏರಿಸಿದರು. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ನಾನು ಓದಿದೆ.

"ತಿರುಗಿಸುವ ಮುಂಚೆ ಅವರಿಗೆ ಹೇಳಿ. ಬಸ್ಸು ತಿರುಗಿಸುವಾಗ ಇಂಡಿಕೇಟರ್ ಹಾಕಲ್ವಾ, ಹಾಗೆ. ಇವರಿಗೆ ಏನೂ ಅರ್ಥವಾಗಲ್ಲ ಅಂತ ಯಾರು ಹೇಳಿದ್ದರೂ ಹೇಳಿ. ಎಳೀಬೇಡಿ, ಎತ್ತಿ. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತೆ, ಮೂಳೆ ಮಾತ್ರ ಮುಂದಕ್ಕೆ ಹೋಗುತ್ತೆ. ಎರಡು ಮಂಡಿ ಮಧ್ಯೆ ಒಂದು ದಿಮ್ಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು, ಗಾಳಿಯಲ್ಲಿ ಇರಬೇಕು..."

ಮೂವತ್ತೊಂದು ವರ್ಷದ ಅನುಭವದವಳು ನಾನು. ಚರ್ಮ ಉಳಿಯುತ್ತೆ, ಮೂಳೆ ಹೋಗುತ್ತೆ ಎಂದು ಇಷ್ಟು ಸಲೀಸಾಗಿ ಯಾವತ್ತೂ ಹೇಳಿರಲಿಲ್ಲ. 'ದಿಮ್ಬು' ಎಂಬುದನ್ನು 'ದಿಂಬು' ಎಂದು ತಿದ್ದಿ ಮುಂದೆ ಓದಿದೆ. ಎರಡು ಸಾಲು ಕೆಳಗೆ ಹೀಗಿತ್ತು:

"ಸೊಂಟದ ಹತ್ತಿರ ಕೆಂಪಗಾಗಿದ್ದರೆ ಬೆಚ್ಚಗಿನ ಎಣ್ಣೆ ಹಾಕಿ ಚೆನ್ನಾಗಿ ಉಜ್ಜಬೇಕು. ರಕ್ತ ಓಡಾಡುತ್ತೆ. ನಾನು ದಿನಕ್ಕೆ ಮೂರು ಸಲ ಉಜ್ಜುತ್ತಿದ್ದೆ. ಆರು ವರ್ಷ ಒಂದು ದಿನ ತಪ್ಪಿಸಿಲ್ಲ."

 ಕೆಂಪಗಾದ ಜಾಗವನ್ನು ಉಜ್ಜಬಾರದು. ಮೊದಲೇ ಒತ್ತಡದಿಂದ ಸೋತ ಮಾಂಸ ಅದು. ಉಜ್ಜಿದರೆ ಒಳಗೊಳಗೇ ಇನ್ನಷ್ಟು ಹರಿಯುತ್ತದೆ, ಮೇಲಿನ ಚರ್ಮ ಚೆನ್ನಾಗಿ ಕಾಣುತ್ತಿರುವಾಗಲೇ ಕೆಳಗೆ ಹುಣ್ಣು ಕಟ್ಟುತ್ತದೆ. ಅವರ ಹೆಂಡತಿಗೆ ಕೊನೆಯ ವರ್ಷ ಸೊಂಟದ ಮೇಲೆ ಹುಣ್ಣಾಗಿ, ಅದು ಮಾಯದೆ, ಅದರಿಂದಲೇ ಜ್ವರ ಏರಿದ್ದು ನನಗೆ ಗೊತ್ತಿತ್ತು. ಅವರೇ ಒಂದು ದಿನ ಮಂಚಕ್ಕೆ ಹೊದಿಕೆ ಹಾಸುತ್ತಾ ಹೇಳಿದ್ದರು.

ಆ ಸಾಲನ್ನು ಅಲ್ಲೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಸೋಮವಾರ ಪಕ್ಕಕ್ಕೆ ಕರೆದು, ಒಂದು ಲೋಟ ಟೀ ಕೊಟ್ಟು, ನಿಧಾನಕ್ಕೆ ಹೇಳೋಣ ಎಂದುಕೊಂಡೆ. ಅವರ ಮೇಲಿನ ಮರುಕದಿಂದ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಹೇಳುವ ಕಷ್ಟ ಎರಡು ದಿನವಾದರೂ ಮುಂದೆ ಹೋಗಲಿ ಎಂಬ ಆಸೆಯೂ ಅದರಲ್ಲಿ ಬೆರೆತಿತ್ತು. ಕಂಪ್ಯೂಟರ್ ಆರಿಸಿ ಮನೆಗೆ ಹೋದೆ.

ಸೋಮವಾರ ಡ್ರೈವರಣ್ಣ ಬರಲಿಲ್ಲ. ಒಂದು ದಿನವೂ ತಡವಾಗಿ ಬಂದವರಲ್ಲ ಅವರು. ಅಡುಗೆಯಕ್ಕ ಬಾಗಿಲಲ್ಲೇ ನನ್ನನ್ನು ತಡೆದಳು.

"ಅಣ್ಣನ ಪುಟ ನೋಡಿದ್ರಾ ಮೇಡಂ? ಈ ಹುಡುಗಿ ಏನು ಮಾಡಿದಾಳೆ ನೋಡಿ!"

ನೋಡಿದೆ. ಶನಿವಾರ ಬೆಳಿಗ್ಗೆಯೇ ಡಾಕ್ಟ್ರಮ್ಮ ಎಣ್ಣೆಯ ಸಾಲುಗಳನ್ನು ಅಳಿಸಿದ್ದಳು. ಬದಲಾವಣೆಗೆ ಕಾರಣ ಬರೆಯುವ ಜಾಗದಲ್ಲಿ ಕಡ್ಡಿ ಮುರಿದ ಹಾಗೆ ಬರೆದಿದ್ದಳು: "ತಪ್ಪು ಮಾಹಿತಿ. ಕೆಂಪಾದ ಜಾಗ ಉಜ್ಜಿದರೆ ಒಳಗೆ ಹರಿದು ಹುಣ್ಣಾಗುತ್ತದೆ. ಅಳಿಸಲಾಗಿದೆ." ಶನಿವಾರ ಮಧ್ಯಾಹ್ನ ಅಡುಗೆಯಕ್ಕ ಅದನ್ನು ಮತ್ತೆ ಹಾಕಿದ್ದಳು: "ಅಣ್ಣ ಆರು ವರ್ಷ ಮಾಡಿದಾರೆ. ನೀನು ಎಷ್ಟು ದಿನ ಮಾಡಿದೀಯ?" ಹುಡುಗಿ ಮತ್ತೆ ಅಳಿಸಿದ್ದಳು. ಇವಳು ಮತ್ತೆ ಹಾಕಿದ್ದಳು. ಹೀಗೆ ಐದು ಸಲ. ಇದರ ಮಧ್ಯೆ ಎಲ್ಲೂ ಡ್ರೈವರಣ್ಣನ ಹೆಸರಿರಲಿಲ್ಲ.

ಕ್ಲಾಸು ಎರಡು ಹೋಳಾಗಿತ್ತು. ವಯಸ್ಸಾದವರೆಲ್ಲ ಒಂದು ಕಡೆಯ ಮಂಚದ ಮೇಲೆ, ಹುಡುಗಿಯರು ಇನ್ನೊಂದು ಕಡೆ. ಮಧ್ಯದ ಮಂಚದಲ್ಲಿ ಅಜ್ಜಿಯೊಬ್ಬಳೇ ಯಾರ ಪಕ್ಷವೂ ಇಲ್ಲದೆ ಮಲಗಿದ್ದಳು. ಡಾಕ್ಟ್ರಮ್ಮನ ಮುಖ ಕೆಂಪಗಾಗಿತ್ತು.

"ನಾನು ಬರೆದಿದ್ದು ತಪ್ಪಾ ಮೇಡಂ? ತಪ್ಪಿದ್ರೆ ಹೇಳಿ."

"ತಪ್ಪಲ್ಲ."

"ಮತ್ತೆ ಎಲ್ಲರೂ ನನ್ನನ್ನೇ ಯಾಕೆ ಬೈತಿದಾರೆ?"

"ಸರಿ ಇದ್ರೆ ಹೀಗೆ ಬರೆಯೋದಾ?" ಎಂದಳು ಅಡುಗೆಯಕ್ಕ. "ಅವರ ಹೆಂಡ್ತಿಗೇ ಹುಣ್ಣಾಗಿತ್ತು ಕಣಮ್ಮ. ಇದು ನಿನ್ನ ಪರೀಕ್ಷೆ ಪೇಪರ್ ಅಲ್ಲ."

 ಅವರ ಹೆಂಡತಿಗೆ ಹುಣ್ಣಾಗಿತ್ತು ಎಂಬುದೇ ಹುಡುಗಿಗೆ ಗೊತ್ತಿರಲಿಲ್ಲ. ಅವರು ಹೇಳಿದ ದಿನ ಅವಳು ರಜೆ ಹಾಕಿದ್ದಳು. ಈಗ ಗೊತ್ತಾಯಿತು. ಬೇಸಿನ್ನಿನ ಹತ್ತಿರ ಹೋಗಿ, ತೊಳೆಯಬೇಕಾದ್ದು ಏನೂ ಇಲ್ಲದಿದ್ದರೂ ಕೈ ತೊಳೆಯುತ್ತಾ ನಿಂತಳು.

ಐದು ಸಲದ ಕಿತ್ತಾಟದಲ್ಲಿ ಸದ್ಯಕ್ಕೆ ಗೆದ್ದಿದ್ದವಳು ಅಡುಗೆಯಕ್ಕ. ಎಣ್ಣೆಯ ಸಾಲು ಪುಟದಲ್ಲಿ ಹಾಗೇ ಇತ್ತು. ಇಬ್ಬರು ಹುಡುಗಿಯರು ಆಗಲೇ ಸಂಜೆ ಹೊತ್ತು ರೋಗಿಗಳ ಮನೆಗಳಿಗೆ ಹೋಗಿ ಕೆಲಸ ಶುರು ಮಾಡಿದ್ದರು. ನಾನು ಎಲ್ಲರ ಎದುರಿಗೇ ಕೂತು ಆ ಸಾಲನ್ನು ತೆಗೆದೆ. ಅಡುಗೆಯಕ್ಕ ಸೆರಗು ಕೊಡವಿ ಎದ್ದುಹೋದಳು. ಆಮೇಲೆ ಚರ್ಚೆಯ ಪುಟ ತೆರೆದು, ನನ್ನ ಹೆಸರಿನಲ್ಲಿ ಬರೆದೆ. ಬರೆಯಲು ಒಂದು ತಾಸು ಹಿಡಿಯಿತು.

"ಈ ಸಾಲನ್ನು ತೆಗೆದದ್ದು ಸರಿ. ಆದರೆ ಬರೆದವರು ಅದನ್ನು ತಮ್ಮ ತಲೆಯಿಂದ ಹುಟ್ಟಿಸಿಕೊಂಡವರಲ್ಲ. ನಾನು ಕೆಲಸಕ್ಕೆ ಸೇರಿದಾಗ ವಾರ್ಡಿನಲ್ಲಿ ನಮಗೆ ಕಲಿಸಿದ್ದೇ ಇದನ್ನು. ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಕಡೆಯೇ ಚೆನ್ನಾಗಿ ಉಜ್ಜಿ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ನಾನು ಉಜ್ಜಿದ್ದೇನೆ. ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವ ನೂರಾರು ಜನಕ್ಕೆ ಹಾಗೇ ಉಜ್ಜಿ ಎಂದು ಹೇಳಿ ಕಳಿಸಿದ್ದೇನೆ. ಅದು ತಪ್ಪು ಎಂದು ತಿಳಿದ ದಿನ ವಾರ್ಡಿನಲ್ಲಿ ನಿಲ್ಲಿಸಿದೆವು. ಮನೆಗೆ ಹೋದವರಿಗೆ ಯಾರೂ ತಿಳಿಸಲಿಲ್ಲ. ನಾನೂ ತಿಳಿಸಲಿಲ್ಲ."

ಬುಧವಾರವೂ ಅವರು ಬರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತೇ ಹೊರತು ಯಾರೂ ಎತ್ತುತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಮಂಡಿಗೆ ಪಟ್ಟಿ ಬಿಗಿದುಕೊಂಡು ಅವರ ಮನೆಯ ಎರಡು ಮಹಡಿ ಹತ್ತಿದೆ.

ಬಾಗಿಲು ತೆಗೆದದ್ದು ಎಂಬತ್ತರ ಆಸುಪಾಸಿನ ಮುದುಕಿ. ಅವರ ಅತ್ತೆ, ಸತ್ತ ಹೆಂಡತಿಯ ತಾಯಿ. ಮಗಳು ಹೋದ ಮೇಲೂ ಅಳಿಯನ ಜೊತೆಯಲ್ಲೇ ಉಳಿದಿದ್ದರು.

"ನೀವೇನಾ ಆ ಕ್ಲಾಸಿನ ಮೇಡಂ? ಬನ್ನಿ ಬನ್ನಿ. ಆರು ದಿನದಿಂದ ಅಳಿಯಂದ್ರು ಕೂತಲ್ಲೇ ಕೂತಿದಾರೆ. ಇವರ ಮಗ್ಗುಲು ಬದಲಿಸೋಕೆ ಯಾರಾದ್ರೂ ಬೇಕಿತ್ತು."

ಡ್ರೈವರಣ್ಣ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಎದ್ದು, ಕುರ್ಚಿ ನನಗೆ ಬಿಟ್ಟು, ತಾವು ಟ್ರಂಕಿನ ಮೇಲೆ ಕೂತರು. ಕ್ಷೇಮಸಮಾಚಾರ ಯಾವುದೂ ಇಲ್ಲ.

"ಆ ಹುಡುಗಿ ಬರೆದಿದ್ದು ನಿಜಾನಾ ಮೇಡಂ?"

"ನಿಜ."

"ಹಾಗಾದ್ರೆ ಅವಳ ಹುಣ್ಣು ನನ್ನ ಕೈಯಿಂದ್ಲೇ ಆಗಿದ್ದು."

ವಾರ್ಡಿನಲ್ಲಿದ್ದಷ್ಟು ಕಾಲ "ನಿಮ್ಮದೇನೂ ತಪ್ಪಿಲ್ಲ" ಎಂಬ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಅಂದೂ ಅದು ನಾಲಿಗೆಯ ತುದಿಯಲ್ಲೇ ಇತ್ತು. ಈ ಮನುಷ್ಯನ ಎದುರಿಗೆ ಹೇಳಲಾಗಲಿಲ್ಲ.

"ಅಷ್ಟೇ ಕಾರಣ ಅಂತ ಹೇಳೋಕಾಗಲ್ಲ" ಎಂದೆ. "ಅಷ್ಟು ವರ್ಷ ಮಲಗಿದವರಿಗೆ ಹುಣ್ಣಾಗೋಕೆ ಹತ್ತು ಕಾರಣ ಇರುತ್ತೆ. ಊಟ ಸೇರದೇ ಇರೋದು, ಮೈ ಇಳಿದುಹೋಗೋದು. ಆದ್ರೆ ಉಜ್ಜಿದ್ರಿಂದ ಒಳ್ಳೇದಂತೂ ಆಗಿಲ್ಲ. ಕೆಟ್ಟದ್ದಾಗಿರಬಹುದು. ಎಷ್ಟು ಅನ್ನೋದು ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲ್ಲ."

ಅವರು ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡರು. "ಉಜ್ಜುವಾಗ ಒಂದೊಂದು ಸಲ ಅವಳು ಹುಬ್ಬು ಗಂಟು ಹಾಕ್ತಿದ್ಲು. ಹಿತವಾಗ್ತಿದೆ ಅಂದ್ಕೊಳ್ತಿದ್ದೆ" ಎಂದರು.

ನಾನು ಚರ್ಚೆಯ ಪುಟದಲ್ಲಿ ಬರೆದದ್ದನ್ನು ಹೇಳಿದೆ. ನಾವೇ ಹಾಗೆ ಕಲಿಸಿದೆವು, ತಪ್ಪಿನ ಬೇರು ನಮ್ಮಲ್ಲಿದೆ ಎಂದೆ.

"ಓದಿದೀನಿ" ಎಂದರು. "ನನಗೆ ಹೇಳಿಕೊಟ್ಟಿದ್ದೂ ಆಸ್ಪತ್ರೆಯ ಒಬ್ಬ ಸಿಸ್ಟರೇ. ಒಳ್ಳೆ ಹೆಂಗಸು. ಅವರ ಮೇಲೆ ನನಗೆ ಕೋಪ ಇಲ್ಲ, ಅವರಿಗೆ ಗೊತ್ತಿರಲಿಲ್ಲ." ಆಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. "ನಿಮಗೆ ಗೊತ್ತಿತ್ತು. ಶುಕ್ರವಾರ ಸಂಜೆ ಐದೂವರೆಗೆ 'ದಿಂಬು' ಸರಿ ಮಾಡಿದೀರಿ. ಇತಿಹಾಸದಲ್ಲಿದೆ. ಎರಡು ಸಾಲು ಕೆಳಗೆ ಎಣ್ಣೆ ಇತ್ತು. ಕಾಗುಣಿತ ತಿದ್ದಿ, ಅದನ್ನ ಬಿಟ್ಟು ಹೋದ್ರಿ. ಆವತ್ತೇ ಒಂದು ಫೋನ್ ಮಾಡಿ ನೀವೇ ಹೇಳಿದ್ದಿದ್ರೆ, ನಾನು ಅದನ್ನ ಮೊಬೈಲಲ್ಲಿ ಓದಬೇಕಾಗಿರಲಿಲ್ಲ. ತರಕಾರಿ ತಗೊಳ್ತಾ ನಿಂತಿದ್ದೆ ಮೇಡಂ. ಅಂಗಡಿಯಲ್ಲಿ."

 "ಸೋಮವಾರ ಹೇಳೋಣ ಅಂದ್ಕೊಂಡೆ. ಹೇಳೋಕೆ ಹೆದರಿಕೆ ಆಯ್ತು" ಎಂದೆ. ಅದು ನಿಜವಾದ್ದರಿಂದ ಅಷ್ಟಕ್ಕೇ ನಿಲ್ಲಿಸಿದೆ.

ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲ ಕೇಳುತ್ತಿದ್ದ ಅತ್ತೆ ನನಗೊಂದು ಲೋಟ ಕಾಫಿ ತಂದು ಕೊಟ್ಟು ಅಳಿಯನ ಕಡೆ ತಿರುಗಿದರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲ ಐದು ವರ್ಷ ನನ್ನ ಮಗಳ ಮೈಮೇಲೆ ಒಂದು ಗುಳ್ಳೆ ಇತ್ತಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಅದು ಯಾರ ಕೈ? ಪಕ್ಕದ ಮನೆಯೋರು ಬಂದು ತಿರುಗಿಸ್ತಿದ್ರಾ? ಹುಣ್ಣಾಗಿದ್ದು ನಿಮ್ಮ ಕೈಯಿಂದ ಅಂದ್ರೆ, ಆಗದೇ ಇದ್ದಿದ್ದೂ ನಿಮ್ಮ ಕೈಯಿಂದ್ಲೇ. ಒಂದನ್ನ ತಲೆ ಮೇಲೆ ಹೊತ್ಕೊಂಡು ಇನ್ನೊಂದನ್ನ ಬೀದಿಗೆ ಎಸೀತೀರಾ? ಹೊರೋದಾದ್ರೆ ಎರಡನ್ನೂ ಹೊರಿ."

 ನಾನು ಹೊರಟಾಗ ಡ್ರೈವರಣ್ಣ ಕೆಳಗಿನವರೆಗೆ ಬಂದರು. ನನ್ನ ಮಂಡಿ ನೋಡಿ, ಪ್ರತಿ ಮೆಟ್ಟಿಲಿಗೂ ಒಂದು ಹೆಜ್ಜೆ ಮುಂದೆ ತಾವು ಇಳಿದು ನಿಲ್ಲುತ್ತಾ ಬಂದರು. "ಬರ್ತೀನಿ ಅಂತ ಮಾತು ಕೊಡಲ್ಲ" ಎಂದರು ಬಾಗಿಲಲ್ಲಿ.

ಸೋಮವಾರ ಬಂದರು. ಗಡ್ಡ ಬೋಳಿಸಿದ್ದರು. ಎಲ್ಲರಿಗಿಂತ ಮುಂಚೆ ಬಂದು, ನಾಲ್ಕು ಮಂಚಗಳ ಹೊದಿಕೆ ಬದಲಿಸಿ ಮುಗಿಸಿದ್ದರು. ಡಾಕ್ಟ್ರಮ್ಮ ಬಾಗಿಲಲ್ಲಿ ಅವರನ್ನು ಕಂಡು ಒಳಗೆ ಬರುವುದೋ ಬೇಡವೋ ಎಂದು ಚಪ್ಪಲಿ ಬಿಡುವ ನೆವದಲ್ಲಿ ಹೊರಗೇ ನಿಂತಳು.

"ಬಾಮ್ಮ" ಎಂದರು ಅವರು.

"ಅಂಕಲ್, ನನಗೆ ಗೊತ್ತಿರಲಿಲ್ಲ. ನಿಮ್ಮ ಮನೆಯವರಿಗೆ... ನಾನು ಹಾಗೆ ಬರೀಬಾರದಿತ್ತು."

"ಬರೆದಿದ್ದು ಸರಿ ಇತ್ತು. ನನಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ."

ಈ ಒಂದು ಮಾತು ಹೇಳುವ ವಿಷಯ ಆ ದಿನದ ಇಡೀ ತರಗತಿಯನ್ನು ನುಂಗಿತು. ಅಡುಗೆಯಕ್ಕ ನಿಯಮವನ್ನೇ ಮಾಡಬೇಕೆಂದಳು: ಒಬ್ಬರು ಬರೆದದ್ದನ್ನು ಅಳಿಸುವ ಮೊದಲು ಅವರಿಗೆ ಹೇಳಿ, ಅವರು ಒಪ್ಪಿದ ಮೇಲೆ ಅಳಿಸಬೇಕು. ಎಲ್ಲರೂ ಹೌದು ಹೌದೆಂದರು. ಡಾಕ್ಟ್ರಮ್ಮ ಮಾತ್ರ ಕೈ ಎತ್ತಿದಳು. 

"ಅವರು ಫೋನ್ ಎತ್ತಲಿಲ್ಲ ಅಂದ್ರೆ? ಊರಿಗೆ ಹೋಗಿದ್ರೆ? ಅಲ್ಲಿವರೆಗೆ ಆ ಸಾಲು ಅಲ್ಲೇ ಇರುತ್ತೆ. ನಮ್ಮಲ್ಲೇ ಯಾರಾದ್ರೂ ಓದಿ, ಯಾರದ್ದೋ ಮನೆಗೆ ಹೋಗಿ ಉಜ್ಜಿದ್ರೆ?"

 ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಎಲ್ಲರೂ ನನ್ನ ಮುಖ ನೋಡಿದರು. ಸೋಮವಾರಕ್ಕೆ ಮುಂದೆ ಹಾಕಿದವಳು ಏನು ಹೇಳಿಯಾಳು? ನಾನು ಡ್ರೈವರಣ್ಣನವರ ಕಡೆ ನೋಡಿದೆ.

ಅವರು ಮಂಚದಿಂದ ಎದ್ದು ನಿಂತರು. "ರಸ್ತೆಗೆ ಮಗು ಅಡ್ಡ ಬಂದ್ರೆ ಬಸ್ಸಲ್ಲಿರೋರನ್ನ ಕೇಳಿ ಬ್ರೇಕ್ ಹಾಕೋಕಾಗಲ್ಲ. ಮೊದಲು ಬ್ರೇಕ್ ಹಾಕಬೇಕು. ಆದ್ರೆ ಬ್ರೇಕ್ ಹಾಕಿ ಹಾಗೇ ಹೊರಟುಹೋಗಬಾರದು. ಹಿಂದೆ ತಿರುಗಿ, ಯಾರಾದ್ರೂ ಬಿದ್ರಾ, ತಲೆ ಹೊಡ್ಕೊಂಡ್ರಾ ನೋಡಬೇಕು. ನನ್ನ ಬಸ್ಸಲ್ಲಿ ನಾನು ಎದ್ದು ಬಂದು ನೋಡ್ತಿದ್ದೆ."

"ಅಂದ್ರೆ?" ಎಂದಳು ಹುಡುಗಿ.

"ಅಳಿಸು. ಅಳಿಸಿದ ತಕ್ಷಣ ಅವರಿಗೆ ಫೋನ್ ಮಾಡು. ಅವರು ಎತ್ತೋವರೆಗೆ ಮಾಡು. ನಾಳೆ, ನಾಳಿದ್ದು ಅನ್ನಬಾರದು."

ಕೊನೆಯ ಮಾತು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದು ಅವರ ದೊಡ್ಡತನ. ವಿಕಿಯ ಮೊದಲ ಪುಟದಲ್ಲಿ ಆ ನಿಯಮವನ್ನು ಅಡುಗೆಯಕ್ಕನೇ ಬರೆದಳು. ಅದರಲ್ಲಿ ನಾಲ್ಕು ಕಾಗುಣಿತ ತಪ್ಪಿತ್ತು. ಡಾಕ್ಟ್ರಮ್ಮ ಅವಳ ಪಕ್ಕಕ್ಕೆ ಹೋಗಿ ಕೇಳಿ, ಬೈಸಿಕೊಂಡು, ತಿದ್ದಿದಳು.

ಆ ವಾರ ಡ್ರೈವರಣ್ಣ ತಮ್ಮ ಪುಟವನ್ನು ಮತ್ತೆ ಬರೆದರು. ಎಣ್ಣೆಯ ಸಾಲು ಇದ್ದ ಜಾಗವನ್ನು ಖಾಲಿ ಬಿಡಲಿಲ್ಲ. "ಕೆಂಪಾದ ಜಾಗವನ್ನು ಉಜ್ಜಬೇಡಿ. ಆ ಮಗ್ಗುಲಿಗೆ ಮಲಗಿಸಬೇಡಿ, ಭಾರ ತೆಗೆಯಿರಿ, ಎರಡು ದಿನದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮೊದಲು ನಮಗೆ ಉಜ್ಜಿ ಅಂತ ಹೇಳಿಕೊಡುತ್ತಿದ್ದರು. ನಾನೂ ಉಜ್ಜಿದ್ದೇನೆ. ನೀವು ಕೆಲಸಕ್ಕೆ ಹೋದ ಮನೆಯಲ್ಲಿ ಯಾರಾದರೂ ಹಾಗೆ ಮಾಡುತ್ತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು ಹೇಳಿ. ಅವರು ಕೈ ಬಿಡದೆ ನೋಡಿಕೊಂಡವರು." ಬರೆದು ಮುಗಿಸಿ, ಒಂದು ಅಕ್ಷರವನ್ನೂ ಮುಟ್ಟಬೇಡಿ ಎಂದೇನೂ ಹೇಳಲಿಲ್ಲ. ನಾಲ್ಕೈದು ಜನ ಅಲ್ಲಲ್ಲಿ ತಿದ್ದಿದರು. ಎರಡು ದಿನ ಎಂಬುದನ್ನು ನಾನೇ ಒಂದು ದಿನ ಎಂದು ಮಾಡಿದೆ, ಮಾಡಿದ ಕೂಡಲೇ ಫೋನ್ ಮಾಡಿದೆ. "ಆಯ್ತು ಮೇಡಂ" ಎಂದರು.

ಅವರ ಮನಸ್ಸು ತಿಳಿಯಾಯಿತು ಎಂದು ನಾನು ಹೇಳಲಾರೆ. ಅಭ್ಯಾಸದ ಹೊತ್ತಿನಲ್ಲಿ ಅಜ್ಜಿಯ ಬೆನ್ನು ಒರೆಸಬೇಕಾದಾಗ ಅವರ ಕೈ ಸೊಂಟದ ಹತ್ತಿರ ಬಂದು ತಡೆಯುವುದನ್ನು ಕೋರ್ಸು ಮುಗಿಯುವವರೆಗೂ ನೋಡಿದೆ. ನಾನೂ ಹಳೆಯ ಕಾಲದ ಮೂವರು ನರ್ಸುಗಳನ್ನು ಹುಡುಕಿ ಮಾತಾಡಿದೆ, ನಾವು ಮನೆಗೆ ಕಳಿಸಿದವರ ಬಗ್ಗೆ. ಒಬ್ಬಳು ಅತ್ತಳು. ಒಬ್ಬಳು, ಅದನ್ನೆಲ್ಲ ಈಗ ಯಾಕೆ ಕೆದಕುತ್ತೀಯ ಎಂದು ಫೋನ್ ಇಟ್ಟಳು. ಇನ್ನೊಬ್ಬಳು ಅಂದಿನಿಂದ ತಿಂಗಳಿಗೊಮ್ಮೆ ಬಂದು ನಮ್ಮ ತರಗತಿಗೆ ಪಾಠ ಮಾಡುತ್ತಾಳೆ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಒಂದು ಮಧ್ಯಾಹ್ನ ಡಾಕ್ಟ್ರಮ್ಮ ಅವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ನಾನು ಮೂಲೆಯಲ್ಲಿ ಹಾಜರಿ ಪುಸ್ತಕ ತುಂಬುತ್ತಿದ್ದೆ.

"ಅಂಕಲ್, ಒಂದು ಕೇಳ್ಲಾ? ಮಾತು ಬರದೇ ಇರೋರಿಗೆ ನೋವಾಗ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಪುಸ್ತಕದಲ್ಲಿ ಎರಡೇ ಸಾಲಿದೆ. ಮುಖ ನೋಡಿ ಅಂತಿದೆ. ಮುಖದಲ್ಲಿ ಏನು ನೋಡಬೇಕು?"

 ಅವರಿಗೆ ಆ ಹುಬ್ಬಿನ ಗಂಟು ನೆನಪಾಗಿರಬೇಕು ಎಂದುಕೊಂಡೆ. ನನಗಂತೂ ನೆನಪಾಯಿತು. ಎದ್ದು ಹೋಗುತ್ತಾರೇನೋ ಎಂದು ನನ್ನ ಪೆನ್ನು ನಿಂತಿತು.

"ಹುಬ್ಬು ಗಂಟಾಗುತ್ತೆ" ಎಂದರು. "ನಾವು ಅದನ್ನ ತಪ್ಪಾಗಿ ತಿಳ್ಕೋತೀವಿ. ಹಿತವಾದಾಗ ಹುಬ್ಬು ಸಡಿಲ ಆಗುತ್ತೆ, ಗಂಟಾಗಲ್ಲ. ಇದನ್ನ ಮೊದಲು ಬರಿ." ಹುಡುಗಿ ಬರೆದುಕೊಂಡಳು. "ಆಮೇಲೆ ಕೈ. ಎಡಗೈ ಹೆಬ್ಬೆರಳನ್ನ ಮುಷ್ಟಿ ಒಳಗೆ ಇಟ್ಕೊಂಡು ಬಿಗಿ ಹಿಡಿತಿದ್ಲು. ಹೊಟ್ಟೆ ನೋವಾದ್ರೆ ಕಾಲ್ಬೆರಳು. ಎಡಗಾಲಿನ ಬೆರಳು ಹೊದಿಕೆ ಒಳಗೆ ಮಡಚ್ಕೊಳ್ಳೋದು. ಹೊದಿಕೆ ತೆಗೆದು ನೋಡಿದ್ರೆ ಮಾತ್ರ ಕಾಣುತ್ತೆ, ಅದಕ್ಕೇ ಯಾರೂ ನೋಡಲ್ಲ. ಊಟ ಮಾಡಿಸುವಾಗ ನೋವಿದ್ರೆ ತುತ್ತು ಕೆನ್ನೆಯೊಳಗೆ ಇಟ್ಕೊಂಡುಬಿಡ್ತಿದ್ಲು, ನುಂಗ್ತಿರಲಿಲ್ಲ. ಹಟ ಅಂತ ನಾನು ಎರಡು ಸಲ ಬೈದೆ. ಹಲ್ಲು ನೋವಿತ್ತು."

"ನಿಧಾನ, ನಿಧಾನ" ಎಂದಳು ಹುಡುಗಿ. ಅವಳ ಬೆರಳುಗಳು ಕೀಲಿಗಳ ಮೇಲೆ ಓಡುತ್ತಿದ್ದವು. ಹೊಸ ಪುಟಕ್ಕೆ ಅವಳೇ 'ಮಾತಾಡದವರ ನೋವು' ಎಂದು ಹೆಸರಿಟ್ಟಿದ್ದಳು. ಒಂದೂವರೆ ತಾಸಿನಲ್ಲಿ ಹತ್ತೊಂಬತ್ತು ಗುರುತುಗಳಾದವು. ಅವುಗಳಲ್ಲಿ ಆರು ನನಗೂ ಹೊಸವು. ಹುಡುಗಿ ಅವರು ಹೇಳಿದ್ದನ್ನು ಎಲ್ಲೂ ಕತ್ತರಿಸಲಿಲ್ಲ. ಎರಡು ಕಡೆ ಮಾತ್ರ, "ಇದು ಎಲ್ಲರಿಗೂ ಹೀಗೇ ಇರುತ್ತಾ, ಅಥವಾ ಅವರಿಗೆ ಮಾತ್ರಾನಾ?" ಎಂದು ಕೇಳಿ, "ಕೆಲವರಿಗೆ" ಎಂಬ ಪದ ಸೇರಿಸಿದಳು. ಅವರು ಒಪ್ಪಿದರು.

ಕೊನೆಗೆ ಅವಳು ಪುಟದ ತಳಕ್ಕೆ ಬಂದು ನಿಂತಳು.

"ಇಲ್ಲಿ ಆಧಾರ ಬರೀಬೇಕು ಅಂಕಲ್. ಬರೀದೇ ಹೋದ್ರೆ ಮೇಡಂ ಅಂಕ ಕಟ್ ಮಾಡ್ತಾರೆ."

"ಆಧಾರ ಅಂದ್ರೆ?"

"ಈ ವಿಷಯ ನಮಗೆ ಎಲ್ಲಿಂದ ಸಿಕ್ತು ಅಂತ. ಪುಸ್ತಕದಿಂದ ಆದ್ರೆ ಪುಸ್ತಕದ ಹೆಸರು. ಯಾರ ಹತ್ರನಾದ್ರೂ ಕಲಿತಿದ್ರೆ ಅವರ ಹೆಸರು. ನಿಮ್ಮ ಹೆಸರು ಹಾಕ್ತೀನಿ."

"ನಾನೇನು ಕಂಡುಹಿಡಿದೆ? ತೋರಿಸಿಕೊಟ್ಟೋಳು ಅವಳು" ಎಂದು ಅವರು ಹೆಂಡತಿಯ ಹೆಸರು ಹೇಳಿದರು. ಕೋರ್ಸಿಗೆ ಸೇರಿದ ಒಂಬತ್ತು ತಿಂಗಳಲ್ಲಿ ಅವರ ಬಾಯಿಂದ ಆ ಹೆಸರು ನಾವು ಯಾರೂ ಕೇಳಿರಲಿಲ್ಲ.

ಡಾಕ್ಟ್ರಮ್ಮ ಬರೆಯಹೋಗಿ ತಡೆದಳು. "ಅದರಲ್ಲಿ ಚಿಕ್ಕ 'ಲ'ನಾ, ದೊಡ್ಡ 'ಳ'ನಾ?"

"ದೊಡ್ಡದು" ಎಂದರು ಡ್ರೈವರಣ್ಣ, ಪರದೆಯ ಹತ್ತಿರಕ್ಕೆ ಬಗ್ಗಿ. "ಇನ್ನೊಂದು ಸಲ ನೋಡ್ಕೋ. ತಪ್ಪಾಗಬಾರದು."